ಪತ್ತು: ಸಾವಕಾರನ ಕೀರ್ದಿಯಿಂದ ಮೂರಂಕಿಯವರೆಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ – ಈ ನಾಲ್ಕು ಊರುಗಳ ಪೇಟೆಯಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು, 'ಪತ್ತಿನ ಸಹಕಾರಿ ಸಂಘ' ಎಂಬ ಫಲಕವೊಂದು ಕಣ್ಣಿಗೆ ಬೀಳುತ್ತದೆ. ದಿನವೂ ಅದರ ಕೆಳಗೆ ಓಡಾಡುವವರಲ್ಲಿ ಈ 'ಪತ್ತು' ಎಂದರೇನೆಂದು ಕೇಳಿಕೊಂಡವರು ಎಷ್ಟು ಮಂದಿ ಇದ್ದಾರು? ಇದು ಹಳಗನ್ನಡದ ಪತ್ತಲ್ಲ. ಹತ್ತರ ಎಣಿಕೆಗೂ ಇದಕ್ಕೂ ನಂಟಿಲ್ಲ. ಮರಾಠಿಯಲ್ಲಿ 'ಪತ್' ಎಂದರೆ ಮಾನ, ಪೇಟೆಯಲ್ಲಿ ಒಬ್ಬನ ಮಾತಿಗಿರುವ ಬೆಲೆ. ಉತ್ತರ ಕರ್ನಾಟಕದ ವ್ಯವಹಾರದ ಕನ್ನಡದಲ್ಲಿ ನೆಲೆಯೂರಿದ ಪತ್ತು ಆ ಬಳಗದ್ದು. ಸಾಲ ಎಂಬುದು ಕೈಗೆ ಬಂದ ಹಣ. ಪತ್ತು ಎಂಬುದು ಆ ಹಣ ಕೈಗೆ ಬರುವ ಮೊದಲೇ ಇರಬೇಕಾದ ನಂಬಿಕೆ.

ಈಗ ಆ ನಂಬಿಕೆಗೆ ಹೊಸ ಹೆಸರು ಬಂದಿದೆ. ಟ್ರ್ಯಾಕ್ಟರಿಗೋ ಮೋಟರ್ ಸೈಕಲ್ಲಿಗೋ ಸಾಲ ಕೇಳಲು ಹೋದವನಿಗೆ ಎದುರಾಗುವ ಮೊದಲ ಪ್ರಶ್ನೆ "ಸಿಬಿಲ್ ಎಷ್ಟಿದೆ?" ಎಂಬುದು. 'ಅವನ ಸಿಬಿಲ್ ಕೆಟ್ಟಿದೆ', 'ಇವನ ಸಿಬಿಲ್ ಚಲೋ ಐತಿ' ಎಂಬ ಮಾತುಗಳು ಹೊಟ್ಟೆ ಕೆಟ್ಟಿದೆ, ಆರೋಗ್ಯ ಚೆನ್ನಾಗಿದೆ ಎಂಬಷ್ಟೇ ಸಲೀಸಾಗಿ ಚಹದ ಅಂಗಡಿಗಳಲ್ಲಿ ಕೇಳಿಬರುತ್ತವೆ. 300ರಿಂದ 900ರವರೆಗಿನ ಒಂದು ಅಂಕಿಯಲ್ಲಿ ಮನುಷ್ಯನ ಪತ್ತು ಅಳೆಯುವ ಈ ಪದ್ಧತಿ ಭಾರತಕ್ಕೆ ಬಂದು ಎರಡು ದಶಕವಾಗಿಲ್ಲ ಎನ್ನಬಹುದು. ಅದು ಕೇಳುವ ಪ್ರಶ್ನೆ ಮಾತ್ರ ಬಹಳ ಹಳೆಯದು. ಸಾಲದ ಲೆಕ್ಕವನ್ನು ಬರೆದುಕೊಳ್ಳುವ ಪುಸ್ತಕ ಯಾರ ಕೈಯಲ್ಲಿರಬೇಕು, ಸಾಲಗಾರ ಅದನ್ನು ತೆರೆದು ನೋಡಬಹುದೇ ಎಂಬ ಜಗ್ಗಾಟವೂ ಅಷ್ಟೇ ಹಳೆಯದು.

ಇಟಗಿಯ ಮಹಾದೇವ ದೇವಾಲಯ ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. 1112ರಲ್ಲಿ ಅದನ್ನು ಕಟ್ಟಿಸಿದವನು ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಅದೇ ದೊರೆಯ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಮಿತಾಕ್ಷರದ ಹೆಸರು ಸಾಮಾನ್ಯವಾಗಿ ಕೇಳಿಬರುವುದು ಅಣ್ಣತಮ್ಮಂದಿರ ಆಸ್ತಿಪಾಲಿನ ವ್ಯಾಜ್ಯದಲ್ಲಿ. ಆದರೆ ಅದರ ವ್ಯವಹಾರ ಭಾಗದಲ್ಲಿ ಸಾಲದ ಬಗೆಗೇ ಒಂದು ಪ್ರಕರಣವಿದೆ. ಬ್ಯಾಂಕಿನ ಉದ್ಯೋಗಿಗಳು ಒಮ್ಮೆ ಓದಿ ನೋಡಬೇಕಾದದ್ದು ಅದು.

ಒತ್ತೆ ಇಟ್ಟು ತಂದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಪಾಲು, ಅಂದರೆ ನೂರಕ್ಕೆ ಒಂದೂಕಾಲು ಬಡ್ಡಿ ಎಂದು ಸ್ಮೃತಿ ಹೇಳುತ್ತದೆ. ಒತ್ತೆ ಇಲ್ಲದಿದ್ದರೆ ವರ್ಣದ ಪ್ರಕಾರ ನೂರಕ್ಕೆ 2, 3, 4, 5. ಕಾಡುದಾರಿಯಲ್ಲಿ ಹೋಗುವ ವ್ಯಾಪಾರಿಗೆ 10, ಕಡಲು ದಾಟುವವನಿಗೆ 20. ಅಪಾಯ ಹೆಚ್ಚಿದಂತೆ ಬಡ್ಡಿ ಹೆಚ್ಚು ಎಂಬ ಲೆಕ್ಕವನ್ನು ಇಂದಿನ ಬ್ಯಾಂಕುಗಳೂ ಒಪ್ಪುತ್ತವೆ. ಆದರೆ ಹುಟ್ಟನ್ನು ನೋಡಿ ಬಡ್ಡಿ ಕಟ್ಟುವ ಲೆಕ್ಕವೂ ಅದೇ ಸಾಲಿನಲ್ಲಿದೆ. ಬ್ರಾಹ್ಮಣ ಎರಡು ಕೊಟ್ಟರೆ ಶೂದ್ರ ಐದು ಕೊಡಬೇಕು. ಒಬ್ಬನ ನಡತೆ ಏನೇ ಇರಲಿ, ಅವನ ಪತ್ತು ತೊಟ್ಟಿಲಲ್ಲೇ ತೀರ್ಮಾನವಾಗಿಬಿಡುತ್ತಿತ್ತು.

ಜಾಮೀನಿನ ವಿಚಾರ ಇನ್ನೂ ಸ್ವಾರಸ್ಯದ್ದು. ಸ್ಮೃತಿ ಮೂರು ಬಗೆಯ ಜಾಮೀನುದಾರರನ್ನು ಹೇಳುತ್ತದೆ. ಸಾಲಗಾರನನ್ನು ಕರೆತಂದು ಎದುರು ನಿಲ್ಲಿಸುತ್ತೇನೆ ಎನ್ನುವವನು ಒಬ್ಬ, ಇದು ದರ್ಶನ. ಅವನು ಕೊಡದಿದ್ದರೆ ನಾನೇ ಕೊಡುತ್ತೇನೆ ಎನ್ನುವವನು ಇನ್ನೊಬ್ಬ; ಇದು ದಾನ. ಇವೆರಡರ ನಡುವೆ 'ಪ್ರತ್ಯಯ' ಎಂಬುದಿದೆ. ಪ್ರತ್ಯಯ ಎಂದರೆ ನಂಬಿಕೆ. "ಈತ ಮೋಸಗಾರನಲ್ಲ, ನಂಬಿ ಕೊಡಿ" ಎಂದು ಹೇಳುವುದಷ್ಟೇ ಆ ಜಾಮೀನುದಾರನ ಕೆಲಸ. ಆದರೆ ಅವನು ಹೇಳಿದ್ದು ಸುಳ್ಳಾದರೆ ಹಣವನ್ನು ಅವನೇ ತೆರಬೇಕು. ಇಂದಿನ ಮೂರಂಕಿಯ ಕೆಲಸವೂ ಪ್ರತ್ಯಯದ ಜಾಮೀನೇ. ಗುಣ ಹೇಳುವುದರಲ್ಲಿ ಅದು ಮುಂದು. ಅದರ ಮಾತು ಸುಳ್ಳಾದಾಗ ತೆರುವ ಪ್ರಶ್ನೆ ಬಂದರೆ ಹಿಂದು.

ಇನ್ನೊಂದು ನಿಯಮವಿದೆ. ಸಾಲಗಾರ ಕಂತು ಕೊಟ್ಟಾಗಲೆಲ್ಲ ಅದನ್ನು ಸಾಲಪತ್ರದ ಬೆನ್ನ ಮೇಲೆ ಬರೆಯಬೇಕು. ಪೂರ್ತಿ ತೀರಿದ ದಿನ ಆ ಪತ್ರವನ್ನು ಹರಿದು ಹಾಕಬೇಕು, ಇಲ್ಲವೇ ತೀರಿತು ಎಂಬುದಕ್ಕೆ ಬೇರೊಂದು ಪತ್ರ ಮಾಡಿಸಿಕೊಳ್ಳಬೇಕು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ಇದಕ್ಕೆ ವ್ಯಾಖ್ಯಾನ ಬರೆದವನಿಗೆ, ತೀರಿಸಿದ ಸಾಲ ಕಾಗದದ ಮೇಲೆ ತೀರದೆ ಉಳಿಯುವ ಸಂಕಟ ಚೆನ್ನಾಗಿ ಗೊತ್ತಿದ್ದಿರಬೇಕು.

ಶಾಸ್ತ್ರ ಹೀಗಿದ್ದರೂ ಊರಿನ ನಡೆ ಹಾಗೇ ಇರಬೇಕೆಂದಿಲ್ಲವಷ್ಟೆ. ನಿಜಾಮರ ಕಾಲಕ್ಕೆ ಬಂದರೆ, ಈ ನಾಡು ಹೈದರಾಬಾದ್ ಸಂಸ್ಥಾನದ ರಾಯಚೂರು ಸೀಮೆ. ಅದರೊಳಗೆ ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ರೈತನ ಮಾತು ಕನ್ನಡ, ಕಚೇರಿಯ ಕಾಗದ ಉರ್ದು. ಸಂಸ್ಥಾನದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ. ರೈಲು ಹತ್ತಿ ಪಡುವಣಕ್ಕೆ ಹೋದರೆ ಸಿಗುವ ಗದಗಿನ ಪೇಟೆಯಲ್ಲಿ ಬ್ರಿಟಿಷರ ಕಲ್ದಾರ್ ರೂಪಾಯಿ. ಆರು ಕಲ್ದಾರಿಗೆ ಏಳು ಸಿಕ್ಕಾ ಎಂಬುದು ಲೆಕ್ಕ. ಓದು ಬರಹ ಬಾರದವನು ಇಂಥ ಎರಡು ನಾಣ್ಯ, ಎರಡು ಭಾಷೆಗಳ ನಡುವೆ ಸಾಲ ಮಾಡಿ ಹೆಬ್ಬೆಟ್ಟು ಒತ್ತುತ್ತಿದ್ದ ಎಂಬುದನ್ನು ನೆನೆದರೆ, ಅವನ ಪತ್ತಿನ ಪುಸ್ತಕ ಅವನಿಂದ ಎಷ್ಟು ದೂರದಲ್ಲಿತ್ತು ಎಂಬುದು ತಿಳಿದೀತು.

ಆ ಪುಸ್ತಕ ಇದ್ದದ್ದು ಸಾವಕಾರನ ಗಾದಿಯ ಬದಿಯಲ್ಲಿ. ದಿನದ ವ್ಯವಹಾರಕ್ಕೆ ಕೀರ್ದಿ, ಒಬ್ಬೊಬ್ಬರ ಹೆಸರಿಗೆ ಖಾತೆ. ದೀಪಾವಳಿಯ ಪಾಡ್ಯಕ್ಕೆ ಹೊಸ ಪುಸ್ತಕಕ್ಕೆ ಅರಿಷಿಣ ಕುಂಕುಮ ಹಚ್ಚಿ ಪೂಜೆ. ಹಳೆಯ ಬಾಕಿ ಹೊಸ ಪುಸ್ತಕದ ಮೊದಲ ಪುಟಕ್ಕೆ ಏರುತ್ತಿತ್ತು. ಆದರೆ ನಿಜವಾದ ಲೆಕ್ಕವಿದ್ದುದು ಸಾವಕಾರನ ತಲೆಯಲ್ಲಿ. ಯಾರ ಹೊಲ ಎರೆ, ಯಾರದು ಮಸಾರಿ. ಯಾರ ಮನೆಯಲ್ಲಿ ಎತ್ತು ಎಷ್ಟು, ಹೆಣ್ಣುಮಕ್ಕಳು ಎಷ್ಟು. ಹಿಂದಿನ ಸುಗ್ಗಿಯಲ್ಲಿ ಕರೆಯದೆ ಬಂದು ಬಾಕಿ ಕೊಟ್ಟವರಾರು, ಕರೆದರೂ ಬಾರದವರಾರು ಎಂಬುದೆಲ್ಲ ಅವನಿಗೆ ಗೊತ್ತು. ಕುಷ್ಟಗಿಯ ಕಡೆ ಮುಂಗಾರು ಕೈಕೊಟ್ಟರೆ ಅದನ್ನು ಅವನಿಗೆ ಯಾರೂ ವರದಿ ಮಾಡಬೇಕಿರಲಿಲ್ಲ. ಅವನ ಅಂಗಳದಲ್ಲೂ ಅದೇ ಮಳೆ ಬಂದಿರಲಿಲ್ಲ. ಹಾಗಾಗಿ ಬರದ ವರ್ಷ ಬಾಕಿ ಉಳಿಸಿದವನ ಪತ್ತು ತಾನಾಗಿ ಕೆಡುತ್ತಿರಲಿಲ್ಲ. ಉದ್ರಿ ಮುಂದುವರಿಯುತ್ತಿತ್ತು.

ಬಡ್ಡಿಯೂ ಮುಂದುವರಿಯುತ್ತಿತ್ತು ಎಂಬುದನ್ನು ಮರೆತರೆ ಇದು ಹಳ್ಳಿಯ ಹೊಗಳಿಕೆಯಾಗಿಬಿಡುತ್ತದೆ. ಸಾವಕಾರನ ಸಹನೆ ಧರ್ಮಕ್ಕಲ್ಲ. ತೀರದ ಸಾಲದ ಕೊನೆಯಲ್ಲಿ ಹೊಲವಿತ್ತು. ಹೊಲ ಇಲ್ಲದವನಿಗೆ ಪತ್ತು ಎಂದರೆ ಅವನ ರಟ್ಟೆ. ಅಪ್ಪ ತಂದ ಸಾಲಕ್ಕೆ ಮಗ ಜೀತಕ್ಕೆ ನಿಲ್ಲುವುದು 1976ರ ಜೀತ ನಿರ್ಮೂಲನ ಕಾಯ್ದೆಯವರೆಗೂ ಕಾನೂನಿನ ಕಣ್ಣಿಗೆ ಸರಿಯಾಗಿ ಬಿದ್ದಿರಲಿಲ್ಲ. ಎಷ್ಟು ದುಡಿದರೆ ಎಷ್ಟು ತೀರಿತು ಎಂಬ ಲೆಕ್ಕ ದುಡಿದವನಿಗೆ ತಿಳಿಯುತ್ತಿರಲಿಲ್ಲ. ಸಾಲಪತ್ರದ ಬೆನ್ನ ಮೇಲೆ ಬರೆಯಬೇಕೆಂಬ ಹಳೆಯ ನಿಯಮ ಇಂಥವರ ಪಾಲಿಗೆ ಇರಲೇ ಇಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿದಾಗ ಹೆಚ್ಚಾಗಿ ಹುಡುಕಿದ್ದು ಹಣವನ್ನಲ್ಲ, ಸಾಲಪತ್ರಗಳನ್ನು, ಸಿಕ್ಕಲ್ಲಿ ಸುಟ್ಟರು. ಪುಸ್ತಕ ತೋರಿಸದವನ ಪುಸ್ತಕಕ್ಕೆ ಅವರು ಕಂಡುಕೊಂಡ ಉತ್ತರ ಅದು.

ಬೇರೊಂದು ಉತ್ತರ ಹುಟ್ಟಿದ್ದು ಕೊಪ್ಪಳದ ನೆರೆಯಲ್ಲೇ. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾಗಿದೆ. ಅದಕ್ಕೆ ಆಧಾರ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ. ಆ ಕಾಯ್ದೆಯ ಹಿಂದಿದ್ದ ಮಾದರಿ ಜರ್ಮನಿಯ ರೈಫೈಸನ್ ಎಂಬಾತ ತನ್ನ ಸೀಮೆಯ ಬಡ ರೈತರಿಗಾಗಿ ಕಟ್ಟಿದ ಸಂಘಗಳದು. ಅದರ ಜೀವಾಳ ಅಪರಿಮಿತ ಹೊಣೆ. ಒಬ್ಬ ಸದಸ್ಯ ಸಾಲ ತೀರಿಸದಿದ್ದರೆ ಉಳಿದವರೆಲ್ಲ ತಮ್ಮ ಆಸ್ತಿಯವರೆಗೂ ಹೊಣೆಗಾರರು. ಹಾಗಾದ ಮೇಲೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಎಷ್ಟು ಕೊಡಬೇಕೆಂದು ಊರೇ ಕುಳಿತು ತೂಗುತ್ತದೆ. ಸಾವಕಾರ ಒಬ್ಬನ ತಲೆಯಲ್ಲಿದ್ದ ಲೆಕ್ಕ ಹತ್ತು ಮಂದಿಯ ಎದುರಿಗೆ ಬಂತು. ಸದಸ್ಯನ ಕೈಗೆ ಪಾಸ್ ಪುಸ್ತಕ ಬಂತು. ಪತ್ತು ಎಂಬ ಮಾತು ಫಲಕಕ್ಕೆ ಏರಿದ್ದೂ ಈ ಸಂಘಗಳಿಂದಲೇ.

ನಿಜಾಮರ ಸಂಸ್ಥಾನಕ್ಕೆ ಇಂಥ ಕಾಯ್ದೆ ಬಂದದ್ದು 1914ರಲ್ಲಿ, ಸುಮಾರು ಹತ್ತು ವರ್ಷ ತಡವಾಗಿ. ಬಂದ ಮೇಲೂ ಅದು ಹಳ್ಳಿಗೆ ಇಳಿದದ್ದು ಕಡಿಮೆ. ಒಟ್ಟು ದೇಶದ ಕಥೆಯೂ ಹೆಚ್ಚು ಬೇರೆಯಿರಲಿಲ್ಲ. 1951–52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರು ತಂದ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು, ಬ್ಯಾಂಕುಗಳದು ಒಂದಕ್ಕೂ ಕಡಿಮೆ, ಲೇವಾದೇವಿಗಾರರದು ಸುಮಾರು ಎಪ್ಪತ್ತು.

ಅಷ್ಟರಲ್ಲಿ ಗಂಗಾವತಿಯ ಪತ್ತಿನ ರೀತಿಯೇ ಬದಲಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಜೋಳದ ಹೊಲಗಳನ್ನು ಭತ್ತದ ಗದ್ದೆ ಮಾಡಿತು. ಕರಾವಳಿ ಆಂಧ್ರದಿಂದ ಬಂದವರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಭತ್ತಕ್ಕೆ ಗೊಬ್ಬರ ಬೇಕು, ಔಷಧಿ ಬೇಕು, ಆಳು ಬೇಕು. ಇವೆಲ್ಲಕ್ಕೂ ನಾಟಿಯ ಮೊದಲೇ ರೊಕ್ಕ ಬೇಕು. ಅದನ್ನು ಕೊಟ್ಟವರು ದಲಾಲಿ ಅಂಗಡಿಯವರು, ಗೊಬ್ಬರದ ಅಂಗಡಿಯವರು. ಕೊಯ್ಲಾದ ಭತ್ತ ಅದೇ ಅಂಗಡಿಗೆ ಬರಬೇಕು ಎಂಬುದು ಬರೆಯದ ಕರಾರು. ಮುಂಗಡ, ಬಡ್ಡಿ, ದಲಾಲಿ ಎಲ್ಲ ಮುರಿದುಕೊಂಡು ಉಳಿದದ್ದು ರೈತನ ಕೈಗೆ. ಕಾಲುವೆಯ ನೀರು ಹೆಚ್ಚು ಕಡಿಮೆ ಖಾತ್ರಿ ಇರುವಲ್ಲಿ ಪತ್ತು ದೊಡ್ಡದು. ಕುಷ್ಟಗಿ, ಯಲಬುರ್ಗಾದ ಒಣಹೊಲದವನು ಎಷ್ಟೇ ಪ್ರಾಮಾಣಿಕನಿರಲಿ, ಅಷ್ಟು ಸಾಲ ಅವನಿಗೆ ಹುಟ್ಟದು. ಅವನು ಗುತ್ತಿಗೆದಾರನಿಂದ ಮುಂಗಡ ಪಡೆದು ಬೆಂಗಳೂರಿಗೋ ಮಂಗಳೂರಿಗೋ ಗೋವೆಗೋ ಗುಳೆ ಹೋಗುವವನು. ಒಂದೇ ಜಿಲ್ಲೆಯೊಳಗೆ ಪತ್ತಿನ ಗಡಿಯನ್ನು ಎಳೆದದ್ದು ಕಾಲುವೆ.

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. 1976ರಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕು ಹುಟ್ಟಿತು; ಹಲವು ವಿಲೀನಗಳನ್ನು ದಾಟಿ ಅದೀಗ ಕರ್ನಾಟಕ ಗ್ರಾಮೀಣ ಬ್ಯಾಂಕಿನೊಳಗಿದೆ. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರದ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ ಖಾಸಗಿ ಸಾಲವನ್ನು ತೊಡೆದುಹಾಕಿತು. ಒತ್ತೆ ಇಟ್ಟದ್ದನ್ನು ಮರಳಿಸಬೇಕೆಂದಿತು. ಸಾವಕಾರನ ಪುಸ್ತಕಕ್ಕೆ ಸರ್ಕಾರವೇ ಅಡ್ಡಗೆರೆ ಹೊಡೆದಂತಾಯಿತು. ಪತ್ತಿನ ಹೊಸ ಪುಸ್ತಕ ಪಹಣಿ. ಸಾಲ ತಂದರೆ ಅದರಲ್ಲಿ ಬೋಜಾ ಏರುತ್ತದೆ, ತೀರಿಸಿದರೆ ಇಳಿಯಬೇಕು. ಹೊಸ ಸಾಲ ಬೇಕಾದವನು ಊರಿನ ಬ್ಯಾಂಕುಗಳನ್ನೆಲ್ಲ ಸುತ್ತಿ ಬೇಬಾಕಿ ಪತ್ರ ತರುತ್ತಿದ್ದ. ಅಂದರೆ ತನ್ನ ಪತ್ತಿನ ಪ್ರಮಾಣವನ್ನು ತಾನೇ ಹೊತ್ತು ತಿರುಗುತ್ತಿದ್ದ. ಕಾಲು ಸವೆದರೂ, ಆ ಕಾಗದದಲ್ಲಿ ಏನು ಬರೆದಿದೆ ಎಂಬುದು ಅವನಿಗೆ ತಿಳಿದಿರುತ್ತಿತ್ತು.

ಇನ್ನು ಅಂಕಿಯ ಕಥೆ. ಅದು ಆರಂಭವಾಗುವುದು ಅಮೆರಿಕದಲ್ಲಿ, ಅದೂ ಒಂದು ಗುಪ್ತ ಪುಸ್ತಕದಿಂದ. 1837ರ ಆರ್ಥಿಕ ಕುಸಿತದಲ್ಲಿ ಕೈ ಸುಟ್ಟುಕೊಂಡ ಲೂಯಿಸ್ ಟಪ್ಪನ್ ಎಂಬ ರೇಷ್ಮೆ ವ್ಯಾಪಾರಿ 1841ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಂಸ್ಥೆ ತೆರೆದ. ಊರೂರಿನ ವಕೀಲರು ಮೊದಲಾದವರು ಅಲ್ಲಿನ ವರ್ತಕರ ಆಸ್ತಿ, ನಡತೆ, ಕುಡಿತ ಎಲ್ಲದರ ಬಗ್ಗೆ ಬರೆದು ಕಳಿಸುತ್ತಿದ್ದರು. ದಪ್ಪ ಪುಸ್ತಕಗಳಲ್ಲಿ ಅದು ದಾಖಲಾಗುತ್ತಿತ್ತು. ಹಣ ಕೊಟ್ಟ ಚಂದಾದಾರರಿಗೆ ಅದರ ಮಾಹಿತಿ. ಯಾರ ಬಗ್ಗೆ ಬರೆದಿದೆಯೋ ಅವನಿಗೆ ಇಲ್ಲ. ಫೇರ್ ಎಂಬ ಎಂಜಿನಿಯರ್, ಐಸಾಕ್ ಎಂಬ ಗಣಿತಜ್ಞ ಸೇರಿ 1956ರಲ್ಲಿ ಕಟ್ಟಿದ ಕಂಪನಿ ಗುಣದ ವರ್ಣನೆಯನ್ನು ಬಿಟ್ಟು ಲೆಕ್ಕವನ್ನು ಹಿಡಿಯಿತು. ಈಗ ಎಲ್ಲೆಡೆ ಕಾಣುವ ಬಗೆಯ ಮೂರಂಕಿಯನ್ನು 1989ರಲ್ಲಿ ಹೊರತಂದಿತು. ತನ್ನ ದಾಖಲೆಯನ್ನು ತಾನು ನೋಡುವ ಹಕ್ಕು ಅಮೆರಿಕದ ಸಾಲಗಾರನಿಗೆ ಕಾನೂನಿನಿಂದ ಸಿಕ್ಕಿದ್ದು 1970ರಲ್ಲಿ, ಟಪ್ಪನ್ನನ ಪುಸ್ತಕ ಆರಂಭವಾಗಿ 129 ವರ್ಷಗಳ ಮೇಲೆ.

ಭಾರತದಲ್ಲಿ ಸಿಬಿಲ್ ಸಂಸ್ಥೆ ಸ್ಥಾಪನೆಯಾದದ್ದು 2000ದಲ್ಲಿ. 2005ರಲ್ಲಿ ಇದಕ್ಕೆಂದೇ ಕಾಯ್ದೆಯಾಯಿತು. 2007ರಲ್ಲಿ ಅಂಕಿ ಬಂತು, ಮೊದಲು ಬ್ಯಾಂಕುಗಳ ಕಣ್ಣಿಗೆ ಮಾತ್ರ; ಸಾಲಗಾರ ತನ್ನ ಅಂಕಿಯನ್ನು ತಾನು ಕಾಣಲು 2011ರವರೆಗೆ ಕಾಯಬೇಕಾಯಿತು. ಇಂದು ಇಂಥ ಕಂಪನಿಗಳು ನಾಲ್ಕಿವೆ. ಜನರ ಬಾಯಲ್ಲಿ ಎಲ್ಲವೂ ಸಿಬಿಲ್ಲೇ. ಅಂಕಿಯಲ್ಲಿ ದೊಡ್ಡ ಪಾಲು ಹಿಂದಿನ ಕಂತುಗಳು ವಾಯಿದೆಗೆ ಸರಿಯಾಗಿ ಬಂದವೇ ಎಂಬುದರದ್ದು. ಸಿಕ್ಕ ಮಿತಿಯಲ್ಲಿ ಎಷ್ಟನ್ನು ಬಳಸಿದ್ದಾನೆ, ಎಷ್ಟು ವರ್ಷದ ಇತಿಹಾಸವಿದೆ, ಈಚೆಗೆ ಎಷ್ಟು ಕಡೆ ಸಾಲಕ್ಕೆ ಕೈಚಾಚಿದ್ದಾನೆ ಎಂಬುದೂ ಸೇರುತ್ತದೆ. 750ರ ಮೇಲಿದ್ದರೆ ಒಳ್ಳೆಯದು ಎಂಬುದು ವಾಡಿಕೆ. ಜಾತಿ, ಮನೆತನ, ಗೌಡರ ಶಿಫಾರಸು ಇವಾವುದೂ ಲೆಕ್ಕಕ್ಕಿಲ್ಲ. ಸ್ಮೃತಿಯ ಎರಡು–ಐದರ ತಾರತಮ್ಯವನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಆದರೆ ಈ ಪುಸ್ತಕಕ್ಕೆ ಕಾಣದ್ದು ಬಹಳವಿದೆ. ಗಂಗಾವತಿಯ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ತಪ್ಪದೆ ಲೆಕ್ಕ ಚುಕ್ತಾ ಮಾಡಿದವನ ಹೆಸರಿನ ಮುಂದೆ ಅಲ್ಲಿ ಏನೂ ಇಲ್ಲ. ಕಿರಾಣಿ ಅಂಗಡಿಯ ಉದ್ರಿ, ಓಣಿಯ ಚೀಟಿ, ನೆಂಟರ ಕೈಗಡ ಇವೂ ಇಲ್ಲ. ಸಾಲವನ್ನೇ ಮಾಡದವನು ಹಳೆಯ ಊರಿನಲ್ಲಿ ಎಲ್ಲರಿಗಿಂತ ಮಾನವಂತ. ಇಲ್ಲಿ ಅವನು ಇತಿಹಾಸವಿಲ್ಲದವನು. ಮೊದಲ ಸಲ ಸಾಲ ಕೇಳುವವರನ್ನು ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿನಲ್ಲಿ ಹೇಳಬೇಕಾಯಿತು.

ಅಂಕಿಗೆ ಮಳೆಯೂ ಕಾಣುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಇಂಥ ವರ್ಷಗಳಿಗೆಂದೇ ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನಗಳಲ್ಲಿ ಒಂದು ದಾರಿ ಇತ್ತು. ಬೆಳೆನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೆಳೆಸಾಲವನ್ನು ಅವಧಿ ಸಾಲವಾಗಿ ಬದಲಿಸಿ ವಾಯಿದೆ ಮುಂದೂಡಬಹುದು. ಹಾಗೆ ಮಾಡಿದ ಸಾಲ ಕೆಟ್ಟ ಸಾಲವೆನಿಸುವುದಿಲ್ಲ. ಸಾವಕಾರ ಅಂಗಳದಲ್ಲಿ ನಿಂತು ಆಕಾಶ ನೋಡಿ ಮಾಡುತ್ತಿದ್ದ ತೀರ್ಮಾನಕ್ಕೆ ಇದು ಕಾಗದದ ರೂಪ. ವಾಯಿದೆಗೆ ಮೊದಲೇ ಶಾಖೆಗೆ ಹೋಗಿ ಕೇಳಿದವನಿಗೆ ಇದರಿಂದ ಲಾಭ. ಮನ್ನಾ ಬಂದೀತೆಂದು ಕಾದು ಕುಳಿತವನಿಗೆ ಅಷ್ಟಿಲ್ಲ. 1990, 2008, 2018ರ ಸಾಲ ಮನ್ನಾಗಳು ಎಷ್ಟೋ ಮನೆಗಳನ್ನು ಉಳಿಸಿದ್ದು ನಿಜ. ಆದರೆ ಸರ್ಕಾರದ ಹಣ ಖಾತೆಗೆ ಬಂದು ಸೇರುವವರೆಗೆ ಬಾಕಿ ಬಾಕಿಯೇ.

'ಓಟಿಎಸ್' ಎಂದು ಊರಲ್ಲೆಲ್ಲ ಹೆಸರಾದ ಏಕಗಂಟಿನ ತೀರುವಳಿಯಲ್ಲಿ ಇನ್ನೊಂದು ತೊಡಕು. ಅಸಲಿನಲ್ಲೋ ಬಡ್ಡಿಯಲ್ಲೋ ರಿಯಾಯಿತಿ ಪಡೆದು ಕಟ್ಟಿದವನು ಸಾಲ ಹರಿಯಿತೆಂದು ಮನೆಗೆ ಬರುತ್ತಾನೆ. ದಾಖಲೆಯಲ್ಲಿ ಅದು 'ಕ್ಲೋಸ್ಡ್' ಅಲ್ಲ, 'ಸೆಟಲ್ಡ್'. ಎರಡೂ ಕನ್ನಡಕ್ಕೆ 'ತೀರಿತು' ಎಂದೇ ಇಳಿಯುತ್ತವೆ. ಮುಂದೆ ಸಾಲ ಕೊಡುವವನಿಗೆ ಮಾತ್ರ ಅವೆರಡೂ ಬೇರೆ ಬೇರೆ. ಜಾಮೀನಿಗೆ ಸಹಿ ಹಾಕಿದವನ ಹೆಸರಿನಲ್ಲೂ ಆ ಸಾಲ ದಾಖಲಾಗುತ್ತದೆ. ನೆಂಟಸ್ತನಕ್ಕೆ ಕಟ್ಟುಬಿದ್ದು ಸಹಿ ಹಾಕಿದವನು ಯಾಜ್ಞವಲ್ಕ್ಯನ ಮೂರನೆಯ ಬಗೆಯ ಜಾಮೀನುದಾರನೇ, ಅವನಿಗೆ ಗೊತ್ತಿರಲಿ ಬಿಡಲಿ.

ಹೆಸರಿನ ಗೊಂದಲವೂ ಉಂಟು. ಆಂಜನೇಯನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿ ಇರುವುದು ಗಂಗಾವತಿ ತಾಲ್ಲೂಕಿನಲ್ಲಿ. ಸುತ್ತಿನ ಊರುಗಳಲ್ಲಿ ಹನುಮಂತಪ್ಪ, ಹನುಮಪ್ಪ, ಮಾರುತಿಯರಿಗೆ ಬರವಿಲ್ಲ. ಹಳ್ಳಿ ಅವರನ್ನು ಅಡ್ಡಹೆಸರಿನಿಂದ ಗುರುತಿಸುತ್ತಿತ್ತು. ಕಂಪ್ಯೂಟರಿಗೆ ಪ್ಯಾನ್ ಸಂಖ್ಯೆ, ಹುಟ್ಟಿದ ದಿನ, ಮೊಬೈಲ್ ಸರಿಯಾಗಿ ಕೂಡಿಬರಬೇಕು. ಒಬ್ಬ ಹನುಮಂತಪ್ಪನ ಬಾಕಿ ಇನ್ನೊಬ್ಬನ ತಲೆಗೆ ಬಂದರೆ ಅದು ಬೆಳಕಿಗೆ ಬರುವುದು ಅವನು ಸಾಲ ಕೇಳಿದ ದಿನವೇ. ಇದಕ್ಕಾಗಿಯೇ ನೋಡುವ ಹಕ್ಕು. 2017ರಿಂದ ಪ್ರತಿಯೊಬ್ಬನೂ ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಮ್ಮೆ ತನ್ನ ಪೂರ್ತಿ ವರದಿಯನ್ನು ಉಚಿತವಾಗಿ ಪಡೆಯಬಹುದು. ತಪ್ಪಿದೆಯೆಂದು ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂತು. ಪ್ರತ್ಯಯದ ಜಾಮೀನುದಾರನ ಮೇಲೆ ಕೊನೆಗೂ ಒಂದಿಷ್ಟು ಹೊಣೆ ಬಿತ್ತು ಎನ್ನಬೇಕು. 2025ರ ಜನವರಿಯಲ್ಲಿ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆ ಲೆಕ್ಕ ಕಳಿಸಬೇಕೆಂಬ ನಿಯಮ ಜಾರಿಗೆ ಬಂತು. ಹಿಂದೆ ಅದು ತಿಂಗಳಿಗೊಮ್ಮೆ ಇತ್ತು.

ಸಾಲದ ಕೊನೆಯ ಕಂತು ಕಟ್ಟಿದವನಿಗೆ ಈಗ ಮೂರು ಕೆಲಸ ಉಳಿದಿರುತ್ತವೆ. ಬ್ಯಾಂಕಿನಿಂದ ಬೇಬಾಕಿ ಪತ್ರ ತೆಗೆದುಕೊಳ್ಳುವುದು ಒಂದು. ಹೊಲದ ಮೇಲಿನ ಸಾಲವಾಗಿದ್ದರೆ ಪಹಣಿಯಲ್ಲಿ ಬೋಜಾ ಇಳಿದಿದೆಯೇ ಎಂದು ನೋಡುವುದು ಇನ್ನೊಂದು. ಒಂದು ತಿಂಗಳು ಬಿಟ್ಟು ವರದಿ ತೆಗೆಸಿ, ಆ ಸಾಲದ ಮುಂದೆ 'ಕ್ಲೋಸ್ಡ್' ಎಂದು ಬಿದ್ದಿದೆಯೇ ಎಂದು ಓದುವುದು ಮೂರನೆಯದು. ಹಳೆಯ ಕಾಲದವನು ಸಾಲಪತ್ರವನ್ನು ಸಾವಕಾರನ ಕೈಯಿಂದ ಇಸಿದುಕೊಂಡು ಅಲ್ಲೇ ಹರಿಯುತ್ತಿದ್ದ. ಕಂಪ್ಯೂಟರಿನ ಪತ್ರವನ್ನು ಹರಿಯಲು ಬರುವುದಿಲ್ಲ. ತೀರಿದ ಸಾಲದ ವಿವರವೂ ಅಲ್ಲಿ ಕನಿಷ್ಠ ಏಳು ವರ್ಷ ಇರುತ್ತದೆ.